ಕೊಥ್ರೂಡಿನ ಗಚ್ಚಿಯಲ್ಲಿ ಸಿಕ್ಕ ಗಾಮಾ: ಸಿಡಿಲಿನದೋ, ಮಳೆಯದೋ?

ಮೇ ತಿಂಗಳ ಮೂರನೇ ವಾರ, ಕೃತ್ತಿಕಾ ಮಳೆಯ ದಿನಗಳು. ಸಂಜೆ ಐದೂವರೆಗೆ ದಿವೆ ಘಾಟಿನ ಕಡೆಯಿಂದ ಎದ್ದ ಮೋಡ ಅರ್ಧ ಗಂಟೆಯೊಳಗೆ ನಮ್ಮ ಕೊಥ್ರೂಡೂ ಸೇರಿ ಪುಣೆಯನ್ನೆಲ್ಲ ಕವಿಯಿತು. ಮೊದಲು ಧೂಳುಗಾಳಿ, ಆಮೇಲೆ ದಪ್ಪ ಹನಿ, ಜೊತೆಗೇ ಗುಡುಗು. ಇಂಥ ಮಳೆಗೆ ಇಲ್ಲಿಯವರು ವಳೀವ ಅನ್ನುತ್ತಾರೆ, ನಮ್ಮ ಧಾರವಾಡದ ಕಡೆ ಅಡ್ಡಮಳೆ. ಕರೆಂಟು ಹೋಯಿತು. ನಾನು ಅಡುಗೆಮನೆಯಲ್ಲಿ ಮೇಣದಬತ್ತಿ ಹುಡುಕುತ್ತಿದ್ದಾಗ ಒಳಕೋಣೆಯಿಂದ ಅಕ್ಕನ ಮಗ ಕೂಗಿದ:

"ಮಾಮಾ, ಲಗೂನ ಬರ್ರಿ! ಮಿಂಚಿದಾಗೊಮ್ಮೆ ಹಾರ್ಲಿಕತ್ತದ!"

ಹಾರುತ್ತಿದ್ದದ್ದು ಲ್ಯಾಪ್‌ಟಾಪಿನ ಪರದೆಯ ಮೇಲಿನ ಗೆರೆ.

ಹುಡುಗ ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾನೆ, ನಮ್ಮ ಮನೆಯಲ್ಲೇ ಇದ್ದು ಓದುತ್ತಾನೆ. ನಾನು ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಇಬ್ಬರೂ ಸೇರಿ ಮಾರ್ಚ್‌ನಿಂದ ಒಂದು ಗಾಮಾ ಎಣಿಕೆಯ ಯಂತ್ರ ಕಟ್ಟಿದ್ದೆವು. ಹಳೆಯ ಸಾಮಾನಿನ ಜೊತೆ ಸಿಕ್ಕಿದ, ಎರಡು ಇಂಚಿನ ಸೋಡಿಯಂ ಅಯೋಡೈಡ್ ಹರಳು ಅದರ ಜೀವ. ಗಾಮಾ ಅಂದರೆ ಎಕ್ಸ್-ರೇಯ ಜಾತಿಯದೇ, ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಶಕ್ತಿಯ ಕಿರಣ. ಅದು ಹರಳಿಗೆ ಬಡಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳಕು ಮಿನುಗುತ್ತದೆ. ಹರಳಿಗೆ ಅಂಟಿಕೊಂಡ ಫೋಟೋಮಲ್ಟಿಪ್ಲೈಯರ್ ನಳಿಕೆ ಆ ಮಿನುಗನ್ನು ವಿದ್ಯುತ್ ಮಿಡಿತವಾಗಿ ದೊಡ್ಡದು ಮಾಡುತ್ತದೆ. ಮಿಡಿತ ಎಷ್ಟು ಎತ್ತರವೋ ಕಿರಣದ ಶಕ್ತಿ ಅಷ್ಟು. ಮಿಡಿತಗಳೆಲ್ಲ ಲ್ಯಾಪ್‌ಟಾಪಿನ ಸೌಂಡ್ ಕಾರ್ಡಿಗೆ ಹೋಗುತ್ತವೆ, ಅಲ್ಲಿ ಎಣಿಕೆ, ವಿಂಗಡಣೆ. ಹರಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಗಚ್ಚಿಗೆ ತೆರೆಯುವ ಮೆಟ್ಟಿಲುಕೋಣೆಯ ಕಿಟಕಿಯಲ್ಲಿ ಕೂರಿಸಿದ್ದೆವು. ಅಲ್ಲಿಂದ ಒಂದು ಉದ್ದ ಕೇಬಲ್ ಕೆಳಗೆ ನಮ್ಮ ಮನೆಗೆ. ಎಲ್ಲವೂ ಬ್ಯಾಟರಿಯ ಮೇಲೆ ನಡೆಯುತ್ತಿದ್ದುದರಿಂದ ಕರೆಂಟು ಹೋದರೂ ಎಣಿಕೆ ನಿಂತಿರಲಿಲ್ಲ.

ಮಾಮೂಲು ದಿನ ನಿಮಿಷಕ್ಕೆ ಸುಮಾರು 5,000 ಎಣಿಕೆ ಬರುತ್ತಿತ್ತು. ಕಾಂಕ್ರೀಟು, ಇಟ್ಟಿಗೆ, ನಮ್ಮ ಮೈಯೊಳಗಿನ ಪೊಟ್ಯಾಸಿಯಂ, ಆಕಾಶದಿಂದ ಬರುವ ಕಾಸ್ಮಿಕ್ ಕಣಗಳು, ಎಲ್ಲದರ ಒಟ್ಟು ಮೊತ್ತ ಅದು. ಆ ಸಂಜೆ ಎರಡು ಸಂಗತಿ ನಡೆದವು. ಮೊದಲನೆಯದು, ಮಿಂಚಿದ ಕ್ಷಣಕ್ಕೆ ಸೆಕೆಂಡಿಗೆ ಎಂಬತ್ತರ ಆಸುಪಾಸಿನಲ್ಲಿರುತ್ತಿದ್ದ ಎಣಿಕೆ ಒಮ್ಮೆಲೇ ಮುನ್ನೂರು, ನಾನೂರಕ್ಕೆ ಹಾರುತ್ತಿತ್ತು. ಎರಡನೆಯದು, ಆರು ಗಂಟೆಯ ಸುಮಾರಿಗೆ ಮಳೆ ಹಿಡಿದ ಮೇಲೆ ಒಟ್ಟು ಎಣಿಕೆ ನಿಧಾನವಾಗಿ ಏರುತ್ತ ಹೋಗಿ ಆರೂಕಾಲಿಗೆ 6,100 ಮುಟ್ಟಿತು. ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು. ಮಳೆ ಆರೂ ಇಪ್ಪತ್ತಕ್ಕೆ ನಿಂತಿತು.

ನಾನು ಪೂರ್ತಿ ಗ್ರಾಫ್ ನೋಡುವ ಮೊದಲೇ ಹುಡುಗ ಅದರ ಫೋಟೋ ತೆಗೆದು ಇಲ್ಲಿಯ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟಿದ್ದ: "ನಮ್ಮ ಗಚ್ಚಿಯಲ್ಲಿ ಸಿಡಿಲಿನ ಗಾಮಾ ಕಿರಣ!" ಏಳು ಗಂಟೆಗೆ ಎರಡನೇ ಮಹಡಿಯ ವೈನಿ ಬಾಗಿಲು ಬಡಿದರು. "ಸರ, ನನ್ನ ಸೊಸಿ ಏಳು ತಿಂಗಳ ಬಸರಿ ಇದ್ದಾಳ. ಈ ಗಾಮಾ ಅಂದ್ರ ಕ್ಯಾನ್ಸರಿಗೆ ಕೊಡ್ತಾರಲ್ರಿ, ಅದs ಹೌದಲ್ಲೊ? ಮಳಿ ಒಳಗ ಅಕಿ ಬಾಲ್ಕನಿಯಾಗ ನಿಂತಿದ್ಳು." ಅವರ ಮುಖ ನೋಡಿದ ಮೇಲೆ ಇದು ಮಾಮ-ಅಳಿಯರ ರಜೆಯ ಆಟವಾಗಿ ಉಳಿಯಲಿಲ್ಲ. ಏನು ಅಳೆದೆವು ಎಂದು ಖಚಿತವಾಗಿ ಹೇಳುವುದು ನಮ್ಮ ಹೊಣೆಯಾಯಿತು.

ಹುಡುಗನ ಆಸೆ ಹುಚ್ಚಾಸೆಯೇನೂ ಆಗಿರಲಿಲ್ಲ. ಗುಡುಗುಮೋಡ ಗಾಮಾ ಕಿರಣ ಹುಟ್ಟಿಸುತ್ತದೆ ಎಂಬುದು ಈಗ ಗಟ್ಟಿಯಾದ ವಿಜ್ಞಾನ. ಮೋಡದೊಳಗೆ ಹಿಮದ ಸಣ್ಣ ಹರಳುಗಳೂ ಮೆತ್ತನೆಯ ಆಲಿಕಲ್ಲುಗಳೂ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಹಗುರ ಹರಳು ಧನ ಆವೇಶ ಹೊತ್ತು ಮೇಲೇರುತ್ತದೆ, ಭಾರದ ಆಲಿಕಲ್ಲು ಋಣ ಆವೇಶ ಹಿಡಿದು ನಡುಭಾಗದಲ್ಲಿ ಉಳಿಯುತ್ತದೆ. ಎರಡರ ನಡುವೆ ವಿದ್ಯುತ್ ಕ್ಷೇತ್ರ ಬೆಳೆಯುತ್ತದೆ. ಆ ಕ್ಷೇತ್ರದಲ್ಲಿ ಸಿಕ್ಕ ಸಾಮಾನ್ಯ ಎಲೆಕ್ಟ್ರಾನ್ ಗಾಳಿಯ ಅಣುಗಳಿಗೆ ಬಡಿದು ಬಡಿದು ಸುಸ್ತಾಗುತ್ತದೆ, ವೇಗ ಹಿಡಿಯುವುದೇ ಇಲ್ಲ. ಆದರೆ ಮೊದಲೇ ವೇಗವಾಗಿರುವ ಎಲೆಕ್ಟ್ರಾನಿನ ಕಥೆ ಬೇರೆ. ಜಾತ್ರೆಯಲ್ಲಿ ನಿಧಾನ ನಡೆಯುವವನನ್ನು ಹೆಜ್ಜೆಗೊಬ್ಬರು ತಡೆದು ಮಾತಾಡಿಸುತ್ತಾರೆ, ಓಡುವವನನ್ನು ತಡೆಯಲು ಯಾರಿಗೂ ವೇಳೆ ಸಿಗುವುದಿಲ್ಲ. ಹಾಗೇ ವೇಗದ ಎಲೆಕ್ಟ್ರಾನ್ ಪ್ರತಿ ಅಣುವಿನ ಹತ್ತಿರ ಕಳೆಯುವ ಹೊತ್ತು ಕಡಿಮೆ, ಕಳೆದುಕೊಳ್ಳುವ ಶಕ್ತಿಯೂ ಕಡಿಮೆ. ಕ್ಷೇತ್ರದಿಂದ ಸಿಗುವುದು ಕಳೆದುಕೊಳ್ಳುವುದಕ್ಕಿಂತ ಹೆಚ್ಚಾದರೆ ಅದು ಓಡುತ್ತಲೇ ಹೋಗುತ್ತದೆ. ದಾರಿಯಲ್ಲಿ ಅಣುಗಳಿಂದ ಇನ್ನಷ್ಟು ಎಲೆಕ್ಟ್ರಾನ್‌ಗಳನ್ನು ಕಿತ್ತು ಅವನ್ನೂ ಓಟಕ್ಕೆ ಹಚ್ಚುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ ದೊಡ್ಡ ಪ್ರವಾಹವಾಗುತ್ತದೆ. ಈ ಓಟಗಾರರು ಅಣುವಿನ ಬೀಜಕೇಂದ್ರದ ಹತ್ತಿರ ಹಾಯ್ದು ಗಕ್ಕನೆ ದಿಕ್ಕು ತಿರುಗಿದಾಗ, ಬ್ರೇಕು ಬಿದ್ದಾಗ, ಕಳೆದ ಶಕ್ತಿ ಗಾಮಾ ಕಿರಣವಾಗಿ ಹೊರಬೀಳುತ್ತದೆ.

ಮೊದಲ ವೇಗದ ಎಲೆಕ್ಟ್ರಾನನ್ನು ಒದಗಿಸುವುದು ಕಾಸ್ಮಿಕ್ ಕಿರಣ. ಸಮುದ್ರಮಟ್ಟದ ಗಾಳಿಯಲ್ಲಿ ಮಾಮೂಲು ಕಿಡಿ ಹಾರಲು ಮೀಟರಿಗೆ 30 ಲಕ್ಷ ವೋಲ್ಟ್ ಬೇಕು, ಈ ಓಟಕ್ಕೆ ಅದರ ಹತ್ತರಲ್ಲೊಂದು ಭಾಗದಷ್ಟು ಸಾಕು. ಮೇಲಿನ ತೆಳುಗಾಳಿಯಲ್ಲಿ ಇನ್ನೂ ಕಡಿಮೆ. ಸಿ.ಟಿ.ಆರ್. ವಿಲ್ಸನ್ 1920ರ ದಶಕದಲ್ಲೇ ಈ ಓಟದ ಸುಳಿವು ಕೊಟ್ಟಿದ್ದರು, 1992ರಲ್ಲಿ ರಷ್ಯದ ಗುರೆವಿಚ್ ಮತ್ತು ಜೊತೆಗಾರರು ಅದು ಪ್ರವಾಹವಾಗಿ ಬೆಳೆಯುವ ಸಿದ್ಧಾಂತ ಕಟ್ಟಿದರು. ಕಣ್ಣಿಗೆ ಬಿದ್ದದ್ದು ಮಾತ್ರ ಆಕಸ್ಮಿಕವಾಗಿ. 1991ರಲ್ಲಿ ಹಾರಿದ ಕಾಂಪ್ಟನ್ ಉಪಗ್ರಹ ದೂರದ ವಿಶ್ವದ ಗಾಮಾ ಸ್ಫೋಟಗಳನ್ನು ನೋಡಲು ಹೋದದ್ದು. ಅದರ ಉಪಕರಣಕ್ಕೆ ಕೆಳಗಿನ ಭೂಮಿಯಿಂದಲೇ, ಗುಡುಗುಮೋಡಗಳಿರುವ ಕಡೆಯಿಂದ, ಸೆಕೆಂಡಿನ ಸಾವಿರದ ಒಂದೆರಡು ಭಾಗದಷ್ಟೇ ಬಾಳುವ ಗಾಮಾ ಮಿಂಚುಗಳು ಬಡಿದವು. ಫಿಶ್‌ಮನ್ ಮತ್ತು ಸಂಗಡಿಗರು ಅದನ್ನು 1994ರಲ್ಲಿ ಪ್ರಕಟಿಸಿದರು.

ನನಗೆ ಇದರಲ್ಲಿ ಎಲ್ಲಕ್ಕಿಂತ ಹೆಮ್ಮೆಯ ಭಾಗ ನಮ್ಮ ಊಟಿಯದು. ಮುಂಬೈ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಅಲ್ಲಿ, 2,200 ಮೀಟರ್ ಎತ್ತರದಲ್ಲಿ, ಗ್ರೇಪ್ಸ್-3 ಎಂಬ ಪ್ರಯೋಗ ನಡೆಸುತ್ತದೆ. 560 ಚದರ ಮೀಟರ್ ಹರವಿನ ಅದರ ದೂರದರ್ಶಕ ಆಕಾಶದಿಂದ ಸುರಿಯುವ ಮ್ಯುಯಾನ್ ಕಣಗಳನ್ನು ಎಣಿಸುತ್ತದೆ. ಮ್ಯುಯಾನ್ ಆವೇಶ ಹೊತ್ತ ಕಣ, ಮೋಡದ ವಿದ್ಯುತ್ ಕ್ಷೇತ್ರ ಅದರ ಶಕ್ತಿಯನ್ನು ಏರಿಳಿಸುತ್ತದೆ. 2014ರ ಡಿಸೆಂಬರ್ 1ರಂದು ಒಂದು ಗುಡುಗುಮೋಡ ಮೇಲೆ ಹಾದುಹೋದಾಗ 18 ನಿಮಿಷ ಮ್ಯುಯಾನ್ ಎಣಿಕೆ ನೂರಕ್ಕೆ ಎರಡರಷ್ಟು ಕುಗ್ಗಿತು. ಅಷ್ಟು ಸಣ್ಣ ಕೊರತೆಯಿಂದ ಲೆಕ್ಕ ಹಾಕಿ, ಮೋಡದ ಆಚೀಚೆ 130 ಕೋಟಿ ವೋಲ್ಟ್ ಇತ್ತೆಂದು 2019ರಲ್ಲಿ ತೋರಿಸಿದರು. ಗಾಮಾ ಕಿರಣಗಳಿಗೆ ಬೇಕಾದ ಶಕ್ತಿ ಮೋಡದಲ್ಲಿ ಉಂಟೇ ಎಂಬ ಪ್ರಶ್ನೆಗೆ ನೆಲದ ಮೇಲೆ ಕೂತೇ ಸಿಕ್ಕ ಉತ್ತರ ಅದು.

ಹೀಗಾಗಿ ಮೋಡದಲ್ಲಿ ಗಾಮಾ ಹುಟ್ಟಿತೇ ಎಂದು ಕೇಳುವುದರಲ್ಲಿ ಹುರುಳಿರಲಿಲ್ಲ. ಹುಟ್ಟಿದ್ದು ಕೊಥ್ರೂಡಿನ ಗಚ್ಚಿಯವರೆಗೆ ಇಳಿದು ಬಂದೀತೇ? ಅಲ್ಲಿ ನನಗೆ ಮೊದಲ ಅನುಮಾನ. ಒಂದು ಕೋಟಿ ಎಲೆಕ್ಟ್ರಾನ್-ವೋಲ್ಟ್, ಅಂದರೆ 10 ಎಂಇವಿ ಶಕ್ತಿಯ ಗಾಮಾ ಕೂಡ ನೆಲದ ಹತ್ತಿರದ ಗಾಳಿಯಲ್ಲಿ ಸುಮಾರು 300 ಮೀಟರಿಗೊಮ್ಮೆ ಅರ್ಧವಾಗುತ್ತದೆ. ಮೂರು ಕಿಲೋಮೀಟರ್ ಬರುವಷ್ಟರಲ್ಲಿ ಹತ್ತು ಸಲ ಅರ್ಧ, ಉಳಿಯುವುದು ಸಾವಿರಕ್ಕೆ ಒಂದು. ಮೇ ತಿಂಗಳ ಮೋಡದ ತಳವೇ ನಮ್ಮ ತಲೆಯಿಂದ ಒಂದೆರಡು ಕಿಲೋಮೀಟರ್ ಮೇಲಿರುತ್ತದೆ, ಆವೇಶದ ಪದರ ಅದಕ್ಕಿಂತ ಬಹಳ ಮೇಲೆ. ಪುಣೆಯ ಎತ್ತರ 560 ಮೀಟರ್ ಅಷ್ಟೇ. ನೆಲದ ಮೇಲೆ ಇದನ್ನು ಅಳೆದವರು ಎಲ್ಲಿ ಅಳೆದರು ನೋಡಿ: ಆರ್ಮೇನಿಯದ ಅರಗಾತ್ಸ್ ಬೆಟ್ಟದ 3,200 ಮೀಟರ್ ಎತ್ತರದ ಕೇಂದ್ರದಲ್ಲಿ, ಇಲ್ಲವೇ ಚಳಿಗಾಲದ ಮೋಡ ನೆಲಕ್ಕೆ ತೀರ ಹತ್ತಿರ ಬರುವ ಜಪಾನಿನ ಪಶ್ಚಿಮ ಕರಾವಳಿಯಲ್ಲಿ.

"ಆದ್ರ ಮಾಮಾ, ಏರಿದ್ದು ಖರೇ ಅದ ಅಲ್ರಿ?" ಅಂದ ಹುಡುಗ.

"ಏರಿದ್ದು ಬಿಡು. ಇಳದದ್ದು ಹೆಂಗ ಇಳದದ, ಅದನ್ನ ನೋಡು."

ಮೋಡದ ಗಾಮಾದಲ್ಲಿ ಎರಡು ಬಗೆ ಮುಖ್ಯ. ಒಂದು, ಉಪಗ್ರಹ ಕಂಡ ಕ್ಷಣಮಾತ್ರದ ಮಿಂಚು. ಇನ್ನೊಂದು, ಸೆಕೆಂಡುಗಳಿಂದ ನಿಮಿಷಗಳವರೆಗೆ ಇರುವ ಮಂದ ಹೊಳಪು. ಹೊಳಪಿನ ಗುಣ ಏನೆಂದರೆ ಕ್ಷೇತ್ರ ಬೆಳೆದಂತೆ ಅದೂ ಬೆಳೆಯುತ್ತದೆ, ಹತ್ತಿರದಲ್ಲಿ ಸಿಡಿಲು ಹೊಡೆದು ಕ್ಷೇತ್ರ ಕುಸಿದರೆ ಕತ್ತರಿಸಿದ ಹಾಗೆ ನಿಲ್ಲುತ್ತದೆ. 1980ರ ದಶಕದಲ್ಲಿ ನಾಸಾದ ವಿಮಾನ ಮೋಡದೊಳಗೆ ಹಾರಿದಾಗಲೂ ಹೀಗೆ ನಿಂತದ್ದು ದಾಖಲಾಗಿದೆ. ನಮ್ಮ ಗೆರೆ ಹಾಗೆ ಕತ್ತರಿಸಿಕೊಂಡಿರಲಿಲ್ಲ. ಆರೂ ಇಪ್ಪತ್ತಕ್ಕೆ ಮಳೆ ನಿಂತಿತು, ಮೋಡ ಮುಂದೆ ಹೋಗಿ ಆಕಾಶ ತಿಳಿಯಾಯಿತು, ಆದರೂ ಎಣಿಕೆ ಮೇಲೆಯೇ ಇತ್ತು. ಹೆಚ್ಚುವರಿ ಸಾವಿರದ ನೂರು ಆರೂ ಐವತ್ತರ ಹೊತ್ತಿಗೆ ಐನೂರೈವತ್ತಕ್ಕೆ ಬಂತು, ಏಳೂ ಇಪ್ಪತ್ತಕ್ಕೆ ಅದರ ಅರ್ಧ. ಮೋಡವೇ ಇಲ್ಲದ ಮೇಲೆ ಮೋಡದ ಗಾಮಾ ಎಲ್ಲಿಂದ?

ಅರ್ಧ ಗಂಟೆಗೊಮ್ಮೆ ಅರ್ಧವಾಗುವುದು ನನಗೆ ಹಳೆಯ ಪರಿಚಯದ ನಡಿಗೆ. ಮಣ್ಣಿನಲ್ಲಿ, ಕಲ್ಲಿನಲ್ಲಿ ಇರುವ ಚೂರು ಯುರೇನಿಯಂ ಕ್ಷಯಿಸುತ್ತ ರೇಡಾನ್ ಅನಿಲವನ್ನು ಗಾಳಿಗೆ ಬಿಡುತ್ತದೆ. ರೇಡಾನಿನ ಅರ್ಧಾಯುಷ್ಯ, ಅಂದರೆ ಇದ್ದದ್ದು ಅರ್ಧವಾಗಲು ಹಿಡಿಯುವ ಹೊತ್ತು, 3.8 ದಿನ, ಅಷ್ಟರಲ್ಲಿ ಅದು ಮೋಡದವರೆಗೂ ಏರಬಲ್ಲದು. ಅದು ಕ್ಷಯಿಸಿ ಹುಟ್ಟುವ ಮಕ್ಕಳು ಅನಿಲವಲ್ಲ, ಲೋಹ. ಸೀಸ-214ಕ್ಕೆ 27 ನಿಮಿಷದ ಅರ್ಧಾಯುಷ್ಯ, ಬಿಸ್ಮತ್-214ಕ್ಕೆ 20 ನಿಮಿಷ. ಇವು ಧೂಳಿಗೆ, ಮೋಡದ ಹನಿಗೆ ಅಂಟಿಕೊಳ್ಳುತ್ತವೆ. ಮಳೆ ಅವನ್ನೆಲ್ಲ ತೊಳೆದು ತಂದು ಗಚ್ಚಿಯ ಮೇಲೆ ಸುರಿಯುತ್ತದೆ, ನಮ್ಮ ಹರಳಿನಿಂದ ಎರಡು ಅಡಿ ದೂರಕ್ಕೆ. ತಾಯಿ ಸೀಸ, ಮಗ ಬಿಸ್ಮತ್, ಇಬ್ಬರ ಕ್ಷಯ ಕೂಡಿದರೆ ಒಟ್ಟು ಇಳಿಕೆ ಹೆಚ್ಚುಕಡಿಮೆ ಅರ್ಧ ಗಂಟೆಯ ಅರ್ಧಾಯುಷ್ಯದಂತೆ ಕಾಣುತ್ತದೆ.

ಹುಡುಗ ಸುಲಭಕ್ಕೆ ಬಿಡಲಿಲ್ಲ, ಅದು ನನಗೆ ಇಷ್ಟವಾಯಿತು. ರಾತ್ರಿಯೆಲ್ಲ ಓದಿ ಬೆಳಿಗ್ಗೆ ಚಹಾದ ಹೊತ್ತಿಗೆ ಹೊಸ ವಾದ ತಂದ. 2017ರ ಫೆಬ್ರವರಿ 6ರಂದು ಜಪಾನಿನ ಕಾಶಿವಾಜಾಕಿಯಲ್ಲಿ ಎನೊತೊ ಅವರ ತಂಡ ಕಂಡದ್ದನ್ನು ಹೇಳಿದ. ಸಿಡಿಲಿನ ಗಾಮಾ ಗಾಳಿಯ ನೈಟ್ರೋಜನ್‌ಗೆ ಬಡಿದು ಒಂದು ನ್ಯೂಟ್ರಾನನ್ನು ಕಿತ್ತೆಸೆದಿತ್ತು. ಉಳಿದ ನೈಟ್ರೋಜನ್-13 ಪಾಸಿಟ್ರಾನ್, ಅಂದರೆ ಎಲೆಕ್ಟ್ರಾನಿನ ಧನ ಆವೇಶದ ಜೋಡಿ, ಉಗುಳುತ್ತ ಕ್ಷಯಿಸಿ, ಸಿಡಿಲು ಹೊಡೆದು ಮುಗಿದ ಮೇಲೂ ಗಾಮಾ ಬಂದಿತ್ತು. ಸಂಶೋಧಕರು ಇದಕ್ಕಾಗಿ ಜನರಿಂದ ಚಂದಾ ಎತ್ತಿದ್ದರು ಎಂಬುದು ಅವನಿಗೆ ಬಹಳ ಹಿಡಿಸಿತ್ತು. "ಹಂಗಾದ್ರ ಸಿಡ್ಲು ನಿಂತ ಮ್ಯಾಲೂ ಇಳಕೀ ಇರಬಹುದಲ್ರಿ?"

ವಾದ ಚೊಕ್ಕವಾಗಿತ್ತು. ಅದಕ್ಕೆ ಉತ್ತರ ಶಕ್ತಿಯ ವಿಂಗಡಣೆಯಲ್ಲಿ ಸಿಗಬೇಕಿತ್ತು. ಕ್ಷಯಿಸುವ ಒಂದೊಂದು ವಸ್ತುವಿನ ಗಾಮಾಕ್ಕೂ ತನ್ನದೇ ಶಕ್ತಿ, ಅದಕ್ಕೇ ಗೆರೆ ಅನ್ನುತ್ತಾರೆ, ನಮ್ಮ ಪರದೆಯ ಮೇಲೆ ಅದು ಗುಡ್ಡವಾಗಿ ಕಾಣುತ್ತದೆ. ಅಳತೆ ಕೆಇವಿ, ಸಾವಿರ ಎಲೆಕ್ಟ್ರಾನ್-ವೋಲ್ಟ್. ನೈಟ್ರೋಜನ್-13ರ ಅರ್ಧಾಯುಷ್ಯ 10 ನಿಮಿಷ, ಅದರ ಗುರುತು 511 ಕೆಇವಿಯ ಒಂದೇ ಗೆರೆ. ಬಿಸ್ಮತ್-214ರ ದೊಡ್ಡ ಗೆರೆ 609ರಲ್ಲಿ, ಸೀಸ-214ರದು 352ರಲ್ಲಿ. ನಮ್ಮ ಹರಳು ಇವನ್ನು ಬೇರ್ಪಡಿಸಬಲ್ಲದು, ಅಳತೆಗೋಲು ಸರಿಯಿದ್ದರೆ ಮಾತ್ರ. ಅಳತೆಗೋಲಿಗೆ ಮನೆಯ ಸಾಮಾನೇ ಸಾಕಾಯಿತು. ನನ್ನ ಬಿಪಿಗಾಗಿ ತರುವ ಕಡಿಮೆ ಸೋಡಿಯಂ ಉಪ್ಪಿನ ಪೊಟ್ಟಣದಲ್ಲಿ ಪೊಟ್ಯಾಸಿಯಂ ಇದೆ, ಅದರ ಗೆರೆ 1,461ರಲ್ಲಿ. ಅಟ್ಟದ ಮೇಲಿದ್ದ ಹಳೆಯ ಗ್ಯಾಸ್‌ಬತ್ತಿಯ ಮ್ಯಾಂಟಲ್‌ನಲ್ಲಿ ಥೋರಿಯಂ, ಅದು 239ರಲ್ಲೂ 2,615ರಲ್ಲೂ ಗೆರೆ ಕೊಟ್ಟಿತು. ಮೂರು ಬಿಂದು ಸಿಕ್ಕ ಮೇಲೆ ಸಂಜೆಯ ದಾಖಲೆ ತೆರೆದೆವು. ಮಳೆಯ ಹೊತ್ತಿನ ವರ್ಣಪಟಲದಿಂದ ಮಳೆಗೆ ಮುಂಚಿನದನ್ನು ಕಳೆದಾಗ ಉಳಿದ ಗುಡ್ಡಗಳು 352ರಲ್ಲಿ, 609ರಲ್ಲಿ. 511ರಲ್ಲಿ ಗುಡ್ಡವಿರಲಿಲ್ಲ. 3 ಎಂಇವಿಗಿಂತ ಮೇಲಿನ ಎಣಿಕೆ, ಮೋಡದ ಗಾಮಾ ಬಂದಿದ್ದರೆ ಎದ್ದು ಕಾಣಬೇಕಾದ ಜಾಗ, ನಿಮಿಷಕ್ಕೆ ಮೂವತ್ತೈದರ ಆಸುಪಾಸಿನಲ್ಲಿ ಮಳೆಗೆ ಮುಂಚೆ ಇದ್ದಂತೆಯೇ ಇತ್ತು. ಅವು ಕಾಸ್ಮಿಕ್ ಕಣಗಳು, ಅವಕ್ಕೆ ನಮ್ಮ ಮಳೆಯ ಗೊಡವೆಯಿಲ್ಲ.

ಹುಡುಗ ಪರದೆಯನ್ನೇ ಬಹಳ ಹೊತ್ತು ನೋಡಿದ. ಆಮೇಲೆ ಕೇಳಿದ, "ಮತ್ತ ಆ ಹಾರಾಟ?"

ಹಾರಾಟದ ಪರೀಕ್ಷೆಗೆ ಇನ್ನೊಂದು ಗುಡುಗು ಬೇಕಿತ್ತು. ಅದು ಐದು ದಿನದ ನಂತರ ಬಂತು. ಅಷ್ಟರಲ್ಲಿ ನಾವು ಎರಡನೇ ದಾರಿಯೊಂದನ್ನು ಜೋಡಿಸಿದ್ದೆವು: ಅದೇ ಬಗೆಯ ಆಂಪ್ಲಿಫೈಯರ್, ಅದೇ ಉದ್ದದ ಕೇಬಲ್, ಆದರೆ ತುದಿಯಲ್ಲಿ ಹರಳೂ ಇಲ್ಲ, ನಳಿಕೆಯೂ ಇಲ್ಲ. ಗಾಮಾ ಬಂದರೂ ಅದಕ್ಕೆ ಗೊತ್ತಾಗುವಂತಿಲ್ಲ. ಪಕ್ಕದಲ್ಲಿ ಒಂದು ಹಳೆಯ ರೇಡಿಯೊವನ್ನು ಮೀಡಿಯಂ ವೇವಿನಲ್ಲಿ ಯಾವ ಸ್ಟೇಶನ್ನೂ ಇಲ್ಲದ ಕಡೆ ಇಟ್ಟು ಅದರ ಸದ್ದನ್ನು ಫೋನಿನಲ್ಲಿ ಮುದ್ರಿಸಿಕೊಂಡೆವು, ಮಿಂಚಿದಾಗೆಲ್ಲ ಅದು ಪಟಪಟ ಎನ್ನುತ್ತದೆ. ಆ ಸಂಜೆ ರೇಡಿಯೊ ಪಟಪಟ ಅಂದಾಗೆಲ್ಲ ಹರಳಿನ ಗೆರೆ ಹಾರಿತು. ಹರಳಿಲ್ಲದ ಗೆರೆಯೂ ಹಾರಿತು. ಉದ್ದನೆಯ ಕೇಬಲ್ ಮಿಂಚಿನ ರೇಡಿಯೊ ಅಲೆಯನ್ನು ಆಂಟೆನಾದಂತೆ ಹಿಡಿಯುತ್ತಿತ್ತು, ಯಂತ್ರ ಅದನ್ನೇ ಗಾಮಾ ಎಂದು ಎಣಿಸುತ್ತಿತ್ತು. ಕೇಬಲ್ಲಿನ ಹೊರಕವಚವನ್ನು ನಾನೇ ಒಂದು ತುದಿಯಲ್ಲಿ ಸರಿಯಾಗಿ ಬೆಸೆದಿರಲಿಲ್ಲ ಎಂಬುದು ಬಿಚ್ಚಿ ನೋಡಿದಾಗ ತಿಳಿಯಿತು.

ಮಳೆನೀರಿನ ಪರೀಕ್ಷೆಯೊಂದು ಉಳಿದಿತ್ತು, ಅದರಲ್ಲೇ ನನಗೂ ಹುಡುಗನಿಗೂ ಜಗಳವಾಯಿತು. ನೀರಿನಲ್ಲಿ ರೇಡಾನಿನ ಮಕ್ಕಳಿದ್ದರೆ ಅದನ್ನು ಬೇಗ ಹಿಡಿಯಬೇಕು, ಅರ್ಧ ಗಂಟೆ ಕಾದರೆ ಅರ್ಧ ಹೋಯಿತು. ಅವನು ಬಟ್ಟೆ ಹಿಡಿದು ಗಚ್ಚಿಗೆ ಓಡಲು ಹೊರಟ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಬಯಲಿಗೆ ಹೋಗಬಾರದು. ನಮ್ಮ ದೇಶದಲ್ಲಿ ಸಿಡಿಲಿಗೆ ವರ್ಷಕ್ಕೆ 2,000ಕ್ಕಿಂತ ಹೆಚ್ಚು ಜನ ಸಾಯುತ್ತಾರೆ. ನಾನು ಬಾಗಿಲಿಗೆ ಅಡ್ಡ ನಿಂತೆ. ಅರ್ಧಾಯುಷ್ಯವೂ ಮೂವತ್ತು ನಿಮಿಷ, ಕಾಯಬೇಕಾದ ಹೊತ್ತೂ ಮೂವತ್ತು ನಿಮಿಷ. ದಾರಿ ತೋರಿಸಿದ್ದು ನನ್ನ ಹೆಂಡತಿ: "ಗಚ್ಚಿ ನೀರು ಕೆಳಗ ಪಾರ್ಕಿಂಗಿನ್ಯಾಗ ಬೀಳ್ತದಲ್ಲಾ, ಆ ಪೈಪಿಗೆ ಪಂಜಿ ಕಟ್ರಿ." ಚಾವಣಿಯ ಕೆಳಗೆ ನಿಂತು, ಎರಡು ಸ್ಕೂಟರುಗಳ ನಡುವೆ ಕೊಳವೆಯ ಬಾಯಿಗೆ ನನ್ನ ಹಳೆಯ ಪಂಜಿಯನ್ನು ನಾಲ್ಕು ಮಡಿಕೆ ಮಾಡಿ ದಾರದಿಂದ ಬಿಗಿದೆವು. ಹತ್ತು ನಿಮಿಷದಲ್ಲಿ ಅದು ಕೆಂಪು ಧೂಳಿನಿಂದ ಮಣ್ಣಿನ ಬಣ್ಣವಾಯಿತು, ಒಂದು ಬೇವಿನ ಎಲೆ ಸಿಕ್ಕಿಕೊಂಡಿತ್ತು. ಹಿಂಡಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಕೆಳಗೆ ತಂದಿಟ್ಟುಕೊಂಡಿದ್ದ ಹರಳಿಗೆ ಒತ್ತಿಟ್ಟೆವು. 609ರ ಗುಡ್ಡ ಕಣ್ಣೆದುರೇ ಎದ್ದಿತು. ರಾತ್ರಿ ಹತ್ತರ ಹೊತ್ತಿಗೆ ಅದು ಹುಡುಕಿದರೂ ಸಿಗದಷ್ಟು ಇಳಿದಿತ್ತು. ಬೇವಿನ ಎಲೆಯನ್ನು ಹುಡುಗ ನೋಟ್‌ಬುಕ್ಕಿನೊಳಗೆ ಇಟ್ಟುಕೊಂಡ.

ಮರುದಿನ ಬೆಳಿಗ್ಗೆ ನಾವಿಬ್ಬರೂ ಎರಡನೇ ಮಹಡಿಗೆ ಹೋದೆವು. ಹುಡುಗನೇ ಹೇಳಲಿ ಎಂದು ನಾನು ಸುಮ್ಮನಿದ್ದೆ. ಅವನು ಮೊದಲು ತನ್ನ ಸಂದೇಶ ತಪ್ಪಾಗಿತ್ತು ಅಂದ, ಆಮೇಲೆ ಲೆಕ್ಕ ಹೇಳಿದ. ಮಾಮೂಲು ಹಿನ್ನೆಲೆಯ ಐದನೇ ಒಂದು ಭಾಗ, ಅದೂ ಗಂಟೆಯ ಮಟ್ಟಿಗೆ. ಪುಣೆಯಿಂದ ದಿಲ್ಲಿಗೆ ಒಮ್ಮೆ ವಿಮಾನದಲ್ಲಿ ಹೋದರೆ ಮೈಗೆ ತಗಲುವ ಕಾಸ್ಮಿಕ್ ವಿಕಿರಣ ಇದರ ನೂರು ಪಟ್ಟಿಗೂ ಹೆಚ್ಚು. ಅಡ್ಡಮಳೆಗಳು ಇಂಥದ್ದನ್ನು ತರುತ್ತಲೇ ಇರುತ್ತವೆ, ನಮ್ಮ ಅಜ್ಜಿಯರೂ ಅದರಲ್ಲಿ ನೆನೆದವರೇ. ಸೊಸೆಯ ತವರು ಗಂಗಾವತಿ. ಅಲ್ಲಿಯ ಗ್ರಾನೈಟ್ ಬಂಡೆಗಳಲ್ಲಿ ಯುರೇನಿಯಂ, ಥೋರಿಯಂ ನಮ್ಮ ಪುಣೆಯ ಕಪ್ಪು ಕಲ್ಲಿಗಿಂತ ಹೆಚ್ಚು, ಅಲ್ಲಿ ಹುಟ್ಟಿ ಬೆಳೆದವರು ಈ ಮಳೆಯ ಹೆಚ್ಚುವರಿಗೆ ಹೆದರಬೇಕಾಗಿಲ್ಲ. "ಬಾಲ್ಕನಿಯಾಗ ನಿಂದರೂದು ಬ್ಯಾಡ, ಆದ್ರ ಅದು ಸಿಡ್ಲಿಗೆ," ಅಂತ ನಾನು ಕೊನೆಗೆ ಸೇರಿಸಿದೆ. ವೈನಿ ಅವಲಕ್ಕಿ ಕೊಟ್ಟರು. ಗುಂಪಿನಲ್ಲಿ ತಿದ್ದುಪಡಿ ಹಾಕಿದಾಗ ಮೊದಲ ಸಂದೇಶಕ್ಕೆ ಬಂದಷ್ಟು ಹೆಬ್ಬೆರಳು ಬರಲಿಲ್ಲ, ಆದರೂ ಅದನ್ನು ಮೂರು ದಿನ ಮೇಲೆ ಪಿನ್ ಮಾಡಿಸಿದೆವು.

ಅವನ ಕನಸು ಮಾತ್ರ ಹಾಗೇ ಇದೆ, ಇರಬೇಕು ಕೂಡ. 2023ರ ಜುಲೈನಲ್ಲಿ ಫ್ಲಾರಿಡಾದಿಂದ ಹೊರಟ ನಾಸಾದ ಇಆರ್-2 ವಿಮಾನ 20 ಕಿಲೋಮೀಟರ್ ಎತ್ತರದಲ್ಲಿ ಉಷ್ಣವಲಯದ ಮೋಡಗಳ ನೆತ್ತಿಯ ಮೇಲೆ ಹಾರಿದಾಗ, ಅವು ಗಂಟೆಗಟ್ಟಲೆ ಗಾಮಾದಲ್ಲಿ ಕುದಿಯುತ್ತಿದ್ದದ್ದು ಕಂಡಿತು. ಹೊಳಪಿಗೂ ಮಿಂಚಿಗೂ ನಡುವಿನ, ಮಿನುಗಿ ಮಿನುಗಿ ಆರುವ ಹೊಸ ಬಗೆಯೊಂದೂ ಸಿಕ್ಕಿತು. 2024ರಲ್ಲಿ ಪ್ರಕಟವಾದ ಆ ಚಿತ್ರಗಳನ್ನು ಹುಡುಗ ಕಪಾಟಿನ ಬಾಗಿಲಿಗೆ ಅಂಟಿಸಿದ್ದಾನೆ. ನಮ್ಮ ತಲೆಯ ಮೇಲೆ ಹಾದುಹೋದ ಮೋಡದ ನೆತ್ತಿಯಲ್ಲೂ ಹಾಗೇ ನಡೆದಿರಬಹುದು. ನಾವು ಅದರ ತಳದಲ್ಲಿ, ದಪ್ಪ ಗಾಳಿಯ ಹೊದಿಕೆಯ ಕೆಳಗೆ ಕೂತಿದ್ದೆವು.

ಜೂನ್‌ನಲ್ಲಿ ಮೃಗಶಿರಾ ಮಳೆ ಹಿಡಿಯಿತು. ಅರಬ್ಬಿ ಸಮುದ್ರದಿಂದ ಬಂದ ಗಾಳಿ, ಗುಡುಗಿಲ್ಲ, ಎರಡು ದಿನ ಬಿಡದೆ ಸುರಿಯಿತು. ಮೇ ತಿಂಗಳ ಆ ಸಂಜೆಗಿಂತ ಎಷ್ಟೋ ಪಟ್ಟು ನೀರು. ಕೇಬಲ್ ಹೊಸದಾಗಿ ಬೆಸೆದು ಆಗಿತ್ತು. ಹುಡುಗ ಮತ್ತೆ ಒಂದು ಗುಡ್ಡಕ್ಕಾಗಿ ಕಾದು ಕೂತ. ಗೆರೆ ನಿಮಿಷಕ್ಕೆ 5,000ದ ಹತ್ತಿರ, ಸ್ವಲ್ಪ ಮೇಲೆ, ಹೆಚ್ಚುಕಡಿಮೆ ನೆಟ್ಟಗೆ ಹೋಗುತ್ತಿತ್ತು.

"ಇಷ್ಟು ಮಳಿ ಆದ್ರೂ ಯಾಕ ಏರವಲ್ದು ಮಾಮಾ?"

ನಾನು ಉತ್ತರ ಹೇಳಲಿಲ್ಲ. ಅವನು ಕಿಟಕಿಯಿಂದ ಪಶ್ಚಿಮಕ್ಕೆ ನೋಡಿದ, ಸ್ವಲ್ಪ ಹೊತ್ತು ಬಿಟ್ಟು ತಾನೇ ಅಂದ: "ಸಮುದ್ರದಾಗ ಮಣ್ಣಿಲ್ಲಲ್ರಿ."